ಎಲ್ಲರಿಗೂ ಬೇಡವಾದವನ ಕೊಲೆ

ಇದು ಉದ್ದದ ಪೋಸ್ಟ್, ಪುರುಸೊತ್ತಾದಾಗ ಓದಿ. ಹೋರಾಟ ಹೋರಾಟ ಅಂತ ತಿರುಗೋನು ಪತ್ತೇದಾರಿ ಕಾದಂಬರಿ ಬಗ್ಗೆ ಬರೀತಾನಲ್ಲ ಅಂತ ನಗೋರು ನಗಬಹುದು. ನಕ್ಕು ಮುಗಿದ ಮೇಲೆ ಕೊನೆತನಕ ಬನ್ನಿ, ಯಾಕಂದ್ರೆ ಇದು ನಮ್ಮ ಅಟ್ರಾಸಿಟಿ ಕೇಸುಗಳ ವಿಷಯವೂ ಹೌದು.

ನಮ್ಮ ಶಿಕಾರಿಪುರ-ಸೊರಬ ಹುಡುಗರ ವಾಟ್ಸಾಪ್ ಗ್ರೂಪಿನಲ್ಲಿ ಹೋದ ತಿಂಗಳು ಒಬ್ಬ ತಮ್ಮ ಬರೆದಿದ್ದ. ಫೋನಲ್ಲಿ ಒಂದು ಸಿನಿಮಾ ನೋಡಿದ್ನಂತೆ, ಮರ್ಡರ್ ಆನ್ ದಿ ಓರಿಯಂಟ್ ಎಕ್ಸ್‌ಪ್ರೆಸ್. "ಅಣ್ಣ, ಹನ್ನೆರಡು ಜನ, ಹನ್ನೆರಡು ಇರಿತ. ಕೊಂದವನಿಗೆ ಕೋರ್ಟು ಶಿಕ್ಷೆ ಕೊಡಲಿಲ್ಲ, ಇವರು ಕೊಟ್ರು. ಪತ್ತೇದಾರನೂ ಬಿಟ್ಟುಬಿಟ್ಟ. ನಾವು ಕೋರ್ಟಿಗೆ ಅಲೆದು ಅಲೆದು ಏನ್ ಸಿಕ್ತು?" ಅಂತ. ಕೆಳಗೆ ನಲವತ್ತು ಹೆಬ್ಬೆಟ್ಟು. ನಾನು ಅಲ್ಲಿ ಏನೂ ಬರೀಲಿಲ್ಲ. ಗ್ರೂಪಿನಲ್ಲಿ ಎರಡು ಸಾಲಲ್ಲಿ ಹೇಳೋ ಮಾತಲ್ಲ ಅದು. ಆಫೀಸಿನ ಒಬ್ಬ ಸಹೋದ್ಯೋಗಿಯ ಮಗಳ ಹತ್ರ ಆ ಪುಸ್ತಕ ಇತ್ತು, ಇಸ್ಕೊಂಡು ಬಂದೆ. ಬಿ.ಎ. ಇಂಗ್ಲಿಷು, ಜೊತೆಗೆ ಫೋನಿನ ಡಿಕ್ಷನರಿ. ಸೊರಬದಿಂದ ಶಿರಾಳಕೊಪ್ಪ, ಶಿರಾಳಕೊಪ್ಪದಿಂದ ಶಿಕಾರಿಪುರ, ದಿನಾ ಹೋಗಿ ಬರೋ ಬಸ್ಸಲ್ಲೇ ಓದಿ ಮುಗಿಸಿದೆ.

ಪತ್ತೇದಾರಿ ನಮಗೆ ಹೊಸದೇನಲ್ಲ. ನನ್ನ ವಯಸ್ಸಿನವರಿಗೆ ಪತ್ತೇದಾರಿ ಅಂದ್ರೆ ಎನ್. ನರಸಿಂಹಯ್ಯ. 1952ರಲ್ಲಿ 'ಪತ್ತೇದಾರ ಪುರುಷೋತ್ತಮ'ದಿಂದ ಶುರು ಮಾಡಿ ಐನೂರಕ್ಕೂ ಹೆಚ್ಚು ಕಾದಂಬರಿ ಬರೆದ ಪುಣ್ಯಾತ್ಮ. ನಾನು ಹೈಸ್ಕೂಲಲ್ಲಿದ್ದಾಗ ಬಾಡಿಗೆಗೆ ತಂದು, ಮುಖಪುಟ ಹರಿದ, ಕೊನೆ ಪುಟ ಇಲ್ಲದ ಪ್ರತಿಗಳನ್ನೂ ಬಿಡದೆ ಓದಿದೀನಿ. ಕೊನೆ ಪುಟ ಇಲ್ಲದ ಪತ್ತೇದಾರಿ ಕಾದಂಬರಿ ಓದೋ ಸಂಕಟ ಏನು ಅಂತ ಓದಿದವರಿಗೇ ಗೊತ್ತು. ಸಾಹಿತ್ಯ ಚರಿತ್ರೆ ಬರೆಯೋರು ಆ ಮನುಷ್ಯನಿಗೆ ಒಂದು ಸಾಲು ಕೊಟ್ಟರೆ ಹೆಚ್ಚು. ನಮ್ಮ ಕೇರಿಗಳಲ್ಲಿ ಶಾಲೆ ಪುಸ್ತಕ ಬಿಟ್ಟು ಬೇರೆ ಏನನ್ನಾದ್ರೂ ಓದೋ ಚಟ ಹತ್ತಿಸಿದ್ದು ಅವರೇ. ಇರ್ಲಿ, ಅದು ಇನ್ನೊಂದು ದಿನದ ಪೋಸ್ಟು.

ಈಗ ಕಥೆ. ಗುಟ್ಟು ಬಿಟ್ಟುಕೊಡ್ತಾನೆ ಅಂತ ಬೈಬೇಡಿ, ಅಗಾಥಾ ಕ್ರಿಸ್ಟಿ ಇದನ್ನ ಪ್ರಕಟಿಸಿದ್ದು 1934ರಲ್ಲಿ, ತೊಂಬತ್ತು ವರ್ಷ ದಾಟಿದ ಗುಟ್ಟು. ಇಸ್ತಾಂಬುಲ್‌ನಿಂದ ಹೊರಟ ರೈಲು ಯುಗೋಸ್ಲಾವಿಯಾದಲ್ಲಿ ಹಿಮದಲ್ಲಿ ಹೂತು ನಿಲ್ಲುತ್ತೆ. ಬೆಳಗಾಗೋದ್ರೊಳಗೆ ರ‍್ಯಾಚೆಟ್ ಅನ್ನೋ ಅಮೆರಿಕದ ದುಡ್ಡಿನ ಕುಳ ತನ್ನ ಕೋಣೆಯಲ್ಲಿ ಹೆಣವಾಗಿದಾನೆ. ಮೈಮೇಲೆ ಹನ್ನೆರಡು ಇರಿತ. ಕೆಲವು ಆಳ, ಕೆಲವು ಬರೀ ಗೀರು. ಕೆಲವು ಬಲಗೈಯವು, ಕೆಲವು ಎಡಗೈಯವು. ಅದೇ ಬೋಗಿಯಲ್ಲಿರೋ ಪತ್ತೇದಾರ ಹರ್ಕ್ಯೂಲ್ ಪೊಯ್ರೊ ತನಿಖೆ ಮಾಡ್ತಾನೆ. ಸತ್ತವನ ನಿಜವಾದ ಹೆಸರು ಕಸೆಟ್ಟಿ. ಡೇಸಿ ಆರ್ಮ್‌ಸ್ಟ್ರಾಂಗ್ ಅನ್ನೋ ಮೂರು ವರ್ಷದ ಕೂಸನ್ನ ಕದ್ದು, ದುಡ್ಡು ಕಿತ್ತುಕೊಂಡು, ಕೊಂದವನು. ಆ ದುಃಖದಲ್ಲಿ ಗರ್ಭಿಣಿ ತಾಯಿ ಸತ್ಲು, ಅಪ್ಪ ಗುಂಡು ಹಾರಿಸಿಕೊಂಡ. ಕಸೆಟ್ಟಿ ಮಾತ್ರ ದುಡ್ಡು ಮತ್ತು ಪ್ರಭಾವದಿಂದ ಕೋರ್ಟಲ್ಲಿ ಯಾವುದೋ ತಾಂತ್ರಿಕ ನೆಪದ ಮೇಲೆ ಬಿಡುಗಡೆಯಾದ. ಬೋಗಿಯಲ್ಲಿ ಇರೋರೆಲ್ಲ, ರಾಜಕುಮಾರಿಯಿಂದ ಹಿಡಿದು ಅಡುಗೆಯವಳ ತನಕ, ಆ ಮನೆಗೆ ಸಂಬಂಧಪಟ್ಟವರೇ. ಹನ್ನೆರಡು ಜನ ಸೇರಿ ಒಬ್ಬೊಬ್ಬರು ಒಂದೊಂದು ಸಲ ಇರಿದಿದಾರೆ. ಇಂಗ್ಲೆಂಡಿನ ಜ್ಯೂರಿಯಲ್ಲೂ ಹನ್ನೆರಡೇ ಜನ ಇರ್ತಾರೆ, ಲೆಕ್ಕ ಅರ್ಥವಾಯ್ತಲ್ಲ.

ಪುಸ್ತಕ ಚೆನ್ನಾಗಿದೆ. ಚೆನ್ನಾಗಿದೆ ಅಂತಲೇ ಈ ತಾಪತ್ರಯ.

ಎಲ್ಲರಿಗೂ ಬೇಡವಾದವನನ್ನ ಸಾಯಿಸೋದು ಈ ಥರದ ಕಾದಂಬರಿಗಳ ಹಳೇ ಉಪಾಯ. ಕ್ರಿಸ್ಟಿಯದೇ 1930ರ ಇನ್ನೊಂದು ಪುಸ್ತಕದಲ್ಲಿ ಸಾಯೋನು ಒಬ್ಬ ಕರ್ನಲ್. ಅವನನ್ನ ಯಾರಾದ್ರೂ ಕೊಂದ್ರೆ ಲೋಕಕ್ಕೆ ಉಪಕಾರ ಅನ್ನೋ ಮಾತನ್ನ ಊರಿನ ಪಾದ್ರಿಯ ಬಾಯಲ್ಲೇ ಶುರುವಿನಲ್ಲಿ ಹೇಳಿಸ್ತಾರೆ. ಸತ್ತವನಿಗೆ ಅಳೋರಿಲ್ಲದಿದ್ರೆ ಓದುಗನಿಗೆ ಹೊಟ್ಟೆ ಉರಿಯಲ್ಲ, ಆರಾಮಾಗಿ ಒಗಟು ಬಿಡಿಸ್ತಾ ಕೂತ್ಕೋಬಹುದು. ಇನ್ನೊಂದು ಲಾಭವೂ ಇದೆ. ಅವನನ್ನ ದ್ವೇಷಿಸೋರು ಎಷ್ಟು ಜನವೋ ಅಷ್ಟು ಜನ ಅನುಮಾನಿತರು. ಪತ್ತೇದಾರ ಮೊದಲು ಕೇಳೋ ಪ್ರಶ್ನೆಯೇ ಇವನ ಮೇಲೆ ಯಾರಿಗೆ ಸಿಟ್ಟಿತ್ತು ಅಂತ. ದ್ವೇಷ ಅಂದ್ರೆ ಅಲ್ಲಿ ಸುಳಿವು, ತನಿಖೆ ಶುರುವಾಗೋ ಜಾಗ.

ಈಗ ನಮ್ಮ ಊರುಗಳಿಗೆ ಬನ್ನಿ. ಊರಿಗೆಲ್ಲ ಬೇಡವಾದವನು ಇಲ್ಲಿ ಯಾರು? ಕೂಸು ಕೊಂದವನಲ್ಲ. ಹೋಟೆಲಲ್ಲಿ ನಮಗೆ ಬೇರೆ ಲೋಟ ಯಾಕೆ ಅಂತ ಕೇಳಿದವನು. ಬಗರ್‌ಹುಕುಂ ಜಮೀನಿಗೆ ಫಾರಂ 57 ಹಾಕಿ, ತಾಲ್ಲೂಕಾಫೀಸಿಗೆ ನಾಲ್ಕು ಸಲ ಬಂದು ಹೋದ ಮುದುಕ. ಪಂಚಾಯ್ತಿ ಮೀಟಿಂಗಲ್ಲಿ ನೆಲದ ಮೇಲೆ ಕೂರಲ್ಲ ಅಂದ ಹೆಣ್ಣುಮಗಳು. ಬೇರೆ ಜಾತಿ ಹುಡುಗಿಯನ್ನ ಪ್ರೀತಿಸಿದ ಹುಡುಗ. ಇವರ ಮೇಲೆ ಊರಿಗೆ ಊರೇ ಹಲ್ಲು ಕಡೀತಿರುತ್ತೆ, ಎಲ್ಲರಿಗೂ ಗೊತ್ತಿರುತ್ತೆ. ಆದ್ರೆ ಇವರಲ್ಲಿ ಒಬ್ಬರ ಹೆಣ ಬಿದ್ದ ದಿನ ಆ ದ್ವೇಷ ಎಲ್ಲಿ ಹೋಗುತ್ತೆ ನೋಡಿ. ಪೇಪರಿನಲ್ಲಿ ಮೂರು ಸಾಲು: "ಹಳೇ ದ್ವೇಷದ ಹಿನ್ನೆಲೆಯಲ್ಲಿ ವ್ಯಕ್ತಿಯೊಬ್ಬನನ್ನು..." ಈ 'ಹಳೇ ದ್ವೇಷ' ಅನ್ನೋ ಪದ ನಾನು ಓದಿದಷ್ಟು ಸಲ ನನ್ನ ಹೆಸರನ್ನೂ ಓದಿಲ್ಲ. ದ್ವೇಷ ಅಂದಾಕ್ಷಣ ಎರಡೂ ಕಡೆ ಸಮ ಅಂತಾಯ್ತು. ಇಬ್ಬರು ಜಗಳಗಂಟರು, ಒಬ್ಬ ಸತ್ತ, ಅಷ್ಟೇ. ಯಾಕೆ ದ್ವೇಷ, ಯಾರಿಗೆ ಯಾರ ಮೇಲೆ, ಎಷ್ಟು ತಲೆಮಾರಿಂದ ಅಂತ ಕೇಳೋರಿಲ್ಲ. ಕಾದಂಬರಿಯಲ್ಲಿ ತನಿಖೆ ಶುರುವಾಗೋ ಪದ ನಮ್ಮಲ್ಲಿ ತನಿಖೆ ಮುಗಿಸೋ ಪದ.

ಇದು ಪೇಪರಿನವರ ಕಥೆ ಮಾತ್ರ ಆಗಿದ್ರೆ ಹೋಗ್ಲಿ ಅನ್ನಬಹುದಿತ್ತು. ಮಹಾರಾಷ್ಟ್ರದ ಖೈರ್ಲಾಂಜಿ ನೆನಪಿದೆಯಲ್ಲ. 2006ರ ಸೆಪ್ಟೆಂಬರ್ 29, ಭೋತ್‌ಮಾಂಗೆ ಕುಟುಂಬದ ನಾಲ್ವರು, ತಾಯಿ, ಮಗಳು, ಇಬ್ಬರು ಗಂಡುಮಕ್ಕಳು. ಕೆಳಗಿನ ಕೋರ್ಟು ಕೊಲೆ ಅಂತ ಶಿಕ್ಷೆ ಕೊಡ್ತು, ಆರು ಜನಕ್ಕೆ ಗಲ್ಲು ಅಂತಲೂ ಬರೀತು, 2010ರಲ್ಲಿ ಹೈಕೋರ್ಟು ಅದನ್ನ 25 ವರ್ಷದ ಜೈಲಿಗೆ ಇಳಿಸ್ತು. ಎರಡೂ ಕಡೆ ಅಟ್ರಾಸಿಟಿ ಕಾಯ್ದೆ ಮಾತ್ರ ನಿಲ್ಲಲಿಲ್ಲ. ಇದು ಸೇಡು, ಜಾತಿ ಅಲ್ಲ ಅಂದ್ರು. 1989ರ ಕಾಯ್ದೆಯ 3(2)(v) ಕಲಮಿನಲ್ಲಿ ಮೊದಲು ಇದ್ದ ಮಾತು, ಸತ್ತವನು ಪರಿಶಿಷ್ಟ ಜಾತಿಯವನು 'ಎಂಬ ಕಾರಣಕ್ಕಾಗಿ' ಅಪರಾಧ ನಡೆದಿರಬೇಕು ಅಂತ. ಆ ಒಂದು ಮಾತಿನ ಸಂದಿಯಲ್ಲಿ ಎಷ್ಟು ಜನ ನುಸುಳಿ ಹೋದರೋ. ಜಮೀನಿಗಾಗಿ ಕೊಂದ, ಜಾತಿಗಾಗಿ ಅಲ್ಲ. ಕುಡಿದು ಕೊಂದ, ಜಾತಿಗಾಗಿ ಅಲ್ಲ. ಪ್ರೀತಿ ವಿಷಯಕ್ಕೆ ಕೊಂದ, ಜಾತಿಗಾಗಿ ಅಲ್ಲ. 2015ರ ತಿದ್ದುಪಡಿಯಲ್ಲಿ ಅದನ್ನ 'ಎಂದು ತಿಳಿದಿದ್ದೂ' ಅಂತ ಬದಲಾಯಿಸಿದ್ರು, 2016ರ ಜನವರಿ 26ರಿಂದ ಜಾರಿ. ಜೊತೆಗೆ 8ನೇ ಕಲಮಿಗೆ (ಸಿ) ಅಂತ ಒಂದು ಸೇರಿಸಿದ್ರು. ಆರೋಪಿಗೆ ಸಂತ್ರಸ್ತನ ಅಥವಾ ಅವನ ಮನೆಯವರ ಪರಿಚಯ ಮೊದಲೇ ಇದ್ರೆ, ಅವನ ಜಾತಿ ಗೊತ್ತಿತ್ತು ಅಂತಲೇ ಕೋರ್ಟು ಭಾವಿಸಬೇಕು. ಗೊತ್ತಿರಲಿಲ್ಲ ಅಂತ ತೋರಿಸೋ ಹೊರೆ ಆರೋಪಿಯದು. ಒಂದೇ ಊರಲ್ಲಿ ಹುಟ್ಟಿ ಬೆಳೆದೋರಿಗೆ ಕೇರಿ ಯಾವುದು ಅಂತ ಗೊತ್ತಿಲ್ಲ ಅನ್ನೋ ನಾಟಕ ನಿಲ್ಲಿಸೋಕೆ ಕಾನೂನೇ ಬರೀಬೇಕಾಯ್ತು ನೋಡಿ.

ಕಾದಂಬರಿಯಲ್ಲಿ ನನ್ನನ್ನ ತಡೆದು ನಿಲ್ಲಿಸಿದ್ದು ಕಸೆಟ್ಟಿಯೂ ಅಲ್ಲ, ಡೇಸಿಯೂ ಅಲ್ಲ. ಸೂಸಾನ್ ಅನ್ನೋ ಹುಡುಗಿ.

ಸಿನಿಮಾ ನೋಡಿದವರಿಗೆ ಅವಳು ನೆನಪಿರೋದು ಕಷ್ಟ, ಪುಸ್ತಕದಲ್ಲೂ ಕೆಲವೇ ಸಾಲು. ಆರ್ಮ್‌ಸ್ಟ್ರಾಂಗ್ ಮನೆಯಲ್ಲಿ ಕೂಸು ನೋಡ್ಕೊಳ್ಳೋ ಕೆಲಸದವಳು. ಕೂಸು ಕಳುವಾದಾಗ ಪೊಲೀಸರಿಗೆ ಮೊದಲ ಅನುಮಾನ ಬಂದಿದ್ದು ಅವಳ ಮೇಲೆ. ತನಗೇನೂ ಗೊತ್ತಿಲ್ಲ ಅಂತ ಎಷ್ಟು ಹೇಳಿದ್ರೂ ನಂಬಲಿಲ್ಲ. ಕಿಟಕಿಯಿಂದ ಹಾರಿ ಪ್ರಾಣ ಬಿಟ್ಲು. ಆಮೇಲೆ ಗೊತ್ತಾಯ್ತು ಅವಳದು ಏನೂ ತಪ್ಪಿರಲಿಲ್ಲ ಅಂತ. ಇದು ಕ್ರಿಸ್ಟಿ ಕಟ್ಟಿದ ಕಥೆ ಅನ್ಕೊಂಡು ಹುಡುಕಿದ್ರೆ, ಅಸಲಿಗೂ ನಡೆದಿತ್ತು. 1932ರಲ್ಲಿ ಅಮೆರಿಕದಲ್ಲಿ ವಿಮಾನ ಹಾರಿಸೋ ಲಿಂಡ್‌ಬರ್ಗ್ ಅನ್ನೋ ಹೆಸರುವಾಸಿ ಮನುಷ್ಯನ ಕೂಸು ಕಳುವಾಗಿ, ಆಮೇಲೆ ಹೆಣ ಸಿಕ್ತು. ಕಾದಂಬರಿಗೆ ಆ ಕೇಸೇ ಮೂಲ. ಲಿಂಡ್‌ಬರ್ಗ್ ಹೆಂಡತಿಯ ತವರಿನಲ್ಲಿ ವಯಲೆಟ್ ಶಾರ್ಪ್ ಅಂತ ಒಬ್ಬ ಇಂಗ್ಲಿಷ್ ಕೆಲಸದಾಕೆ ಇದ್ಲು. ಪೊಲೀಸರು ಕೇಳಿದ್ದನ್ನೇ ಕೇಳಿ ಕೇಳಿ, ಇನ್ನೊಂದು ಸಲ ಬರ್ತಾರೆ ಅಂತಾದಾಗ ವಿಷ ಕುಡಿದು ಸತ್ಲು. ಅವಳೂ ನಿರಪರಾಧಿ. ಲಿಂಡ್‌ಬರ್ಗ್ ಹೆಸರಲ್ಲಿ ಎಷ್ಟು ಪುಸ್ತಕ, ವಯಲೆಟ್ ಹೆಸರು ಎಷ್ಟು ಜನಕ್ಕೆ ಗೊತ್ತು?

ನನ್ನವ್ವ ಅಡಿಕೆ ಕೊಯ್ಲಿನ ಕಾಲದಲ್ಲಿ ಸುಲಿಯೋಕೆ ಹೋಗ್ತಿದ್ದ ಒಂದು ಮನೆಯಲ್ಲಿ ಬೆಳ್ಳಿ ಲೋಟ ಕಾಣೆಯಾಗಿತ್ತು. ಅವತ್ತು ಅಂಗಳದಲ್ಲಿ ಹದಿನೈದು ಜನ ಕೂತಿದ್ರು. ಸೆರಗು ಕೊಡವಿ ಅಂತ ಹೇಳಿಸಿಕೊಂಡಿದ್ದು ಇಬ್ಬರೇ, ಇಬ್ಬರೂ ನಮ್ಮ ಕೇರಿಯವರು. ಮೂರನೇ ದಿನ ಲೋಟ ಅವರದೇ ಬಚ್ಚಲಲ್ಲಿ ಹಂಡೆ ಹಿಂದೆ ಸಿಕ್ತು. ಯಾರೂ ಬಂದು ಏನೂ ಹೇಳಲಿಲ್ಲ. ಅವ್ವ ಮಾರನೇ ವರ್ಷವೂ ಅದೇ ಮನೆಗೆ ಸುಲಿಯೋಕೆ ಹೋದ್ಲು, ಹೋಗದೆ ಏನ್ ಮಾಡ್ತಾಳೆ. ಈ ಸೂಸಾನಳ ಸಾಲುಗಳನ್ನ ಓದುವಾಗ ಬಸ್ಸು ಶಿರಾಳಕೊಪ್ಪ ಸ್ಟ್ಯಾಂಡಿಗೆ ಬಂದಿತ್ತು, ಇಳಿಯೋದೇ ಮರೆತಿದ್ದೆ, ಕಂಡಕ್ಟರ್ ಕೂಗಿ ಎಬ್ಬಿಸಿದ.

ದೇವನೂರ ಮಹಾದೇವರ 'ಒಡಲಾಳ' ಓದಿದವರಿಗೆ ನಾನು ಹೇಳೋದು ಬೇಗ ಅರ್ಥವಾಗುತ್ತೆ. ನನ್ನ ಪ್ರಕಾರ ಅದು ಕನ್ನಡದ ದೊಡ್ಡ ಪತ್ತೇದಾರಿ ಕಥೆ, ತಲೆಕೆಳಗಾಗಿ ಬರೆದದ್ದು. ಎತ್ತಪ್ಪನ ಕಡಲೆಕಾಯಿ ಮೂಟೆ ಕಳುವಾಗಿದೆ. ಕದ್ದ ಕಾಯಿ ಸಾಕವ್ವನ ಗುಡಿಸಲಲ್ಲಿದೆ. ಮನೆಯವರೆಲ್ಲ, ಮಕ್ಕಳು ಮರಿ ಸೇರಿ, ರಾತ್ರಿಯೆಲ್ಲ ತಿಂದು, ಸಿಪ್ಪೆಯನ್ನ ಒಲೆಗೆ ಹಾಕಿದಾರೆ. ಬೆಳಗ್ಗೆ ಪೊಲೀಸರು ಬರ್ತಾರೆ. ಯಾರು ಕದ್ದಿದ್ದು ಅಂತ ನಮಗೆ ಮೊದಲೇ ಗೊತ್ತು, ಗೊತ್ತಿದ್ದೂ ಪೊಲೀಸರಿಗೆ ಸಿಗದಿರಲಿ ಅಂತ ಉಸಿರು ಹಿಡಿದು ಓದ್ತೀವಿ. ಆ ಗುಡಿಸಲಿಗೆ ಇಡೀ ವ್ಯವಸ್ಥೆ ಎಷ್ಟು ಬೇಗ ಬಂತು ನೋಡಿ, ಒಂದು ಮೂಟೆ ಕಾಯಿಗೆ. ಅದೇ ವೇಗ ನಮ್ಮ ಹೆಣದ ಹತ್ರ ಬರುವಾಗ ಯಾಕಿರಲ್ಲ?

ತಮ್ಮ ಇನ್ನೊಂದು ವಿಷಯ ಗಮನಿಸಿಲ್ಲ. ಬೋಗಿಯಲ್ಲಿ ಸೂಸಾನಳ ಅಪ್ಪನೂ ಇದಾನೆ, ಆ ಬೋಗಿಯ ಕಂಡಕ್ಟರ್ ಅವನೇ. ಅವಳನ್ನ ಪ್ರೀತಿಸ್ತಿದ್ದ ಒಬ್ಬ ಗಂಡಸೂ ಇದಾನೆ. ಅಂದ್ರೆ ಹನ್ನೆರಡರಲ್ಲಿ ಎರಡು ಇರಿತ ಅವಳ ಲೆಕ್ಕದ್ದು. ಆದ್ರೆ ಇರಿತ ಬಿದ್ದಿದ್ದು ಕಸೆಟ್ಟಿಗೆ. ಅವಳನ್ನ ಕಿಟಕಿ ತನಕ ಅಟ್ಟಿದ ಪೊಲೀಸರಿಗೆ ಒಂದು ಗೀರೂ ಇಲ್ಲ, ಅವರ ಹೆಸರೂ ಇಲ್ಲ. ಸೇಡಿನ ಕಥೆಗಳು ಯಾವಾಗಲೂ ಒಬ್ಬ ಖಳನನ್ನ ಕೊಂದು ಸಮಾಧಾನ ಪಟ್ಕೋತವೆ, ಅವನಾಚೆಗಿನ ವ್ಯವಸ್ಥೆ ಹಾಗೇ ಇರುತ್ತೆ.

ಇನ್ನು ಕಥೆಯ ಕೀಲಿ. ಆ ಬೋಗಿಯಲ್ಲಿ ಯಾರೂ ಸಿಕ್ಕಿಬೀಳದ ಹಾಗೆ ಇರೋದು ಹೇಗೆ? ಪ್ರತಿಯೊಬ್ಬರಿಗೂ ಇನ್ನೊಬ್ಬರ ಸಾಕ್ಷಿ. ಆ ಹೊತ್ತಲ್ಲಿ ಅವನು ನನ್ನ ಜೊತೆ ಮಾತಾಡ್ತಿದ್ದ ಅಂತ ಇವನು, ಅವಳು ನನ್ನ ಎದುರು ಬರ್ತ್‌ನಲ್ಲಿ ಮಲಗಿದ್ಲು ಅಂತ ಇವಳು. ಸಾಕ್ಷಿ ಹೇಳೋರು ಬೇರೆ ಬೇರೆ ದೇಶದವರು, ಬೇರೆ ಬೇರೆ ಅಂತಸ್ತಿನವರು, ಒಬ್ಬರಿಗೊಬ್ಬರು ಪರಿಚಯವೇ ಇಲ್ಲದ ಹಾಗೆ ನಟಿಸ್ತಾರೆ. ಹಾಗಾಗಿ ಸಾಕ್ಷಿ ಗಟ್ಟಿ ಅನ್ಸುತ್ತೆ. ಜೊತೆಗೆ ಕಟ್ಟಿಟ್ಟ ಒಂದು ಕಥೆ: ಹೊರಗಿನವನು ಯಾರೋ ಕಂಡಕ್ಟರ್ ಬಟ್ಟೆ ಹಾಕ್ಕೊಂಡು ರೈಲು ಹತ್ತಿ, ಕೊಂದು, ಇಳಿದು ಹೋದ. ಕೊನೆಯಲ್ಲಿ ಪೊಯ್ರೊ ಎರಡು ಉತ್ತರ ಮುಂದಿಡ್ತಾನೆ. ಒಂದು, ಹೊರಗಿನವನು ಬಂದು ಹೋದ. ಎರಡು, ಎಲ್ಲರೂ ಸೇರಿ ಕೊಂದ್ರು. ರೈಲು ಕಂಪನಿಯ ಡೈರೆಕ್ಟರ್ರೂ ಡಾಕ್ಟರ್ರೂ ಮೊದಲನೆಯದನ್ನೇ ಪೊಲೀಸರಿಗೆ ಹೇಳೋಣ ಅಂತಾರೆ. ಕಥೆ ಮುಗೀತು.

ಗೆಳೆಯರೇ, ನಾವು ಇಷ್ಟು ವರ್ಷ ಬದುಕ್ತಿರೋದೇ ಆ ಮೊದಲನೇ ಉತ್ತರದಲ್ಲಿ. "ನಮ್ಮೂರಲ್ಲಿ ಎಲ್ಲ ಅಣ್ಣತಮ್ಮಂದಿರ ಹಂಗೆ ಇದ್ವಿ, ಹೊರಗಿಂದ ಸಂಘಟನೆಯವರು ಬಂದು ಕದಡಿದ್ರು." ಈ ವಾಕ್ಯವನ್ನ ನಿಮ್ಮಲ್ಲಿ ಕೇಳದೇ ಇರೋರು ಕೈ ಎತ್ತಿ. ಶಾಂತಿ ಸಭೆಯಲ್ಲಿ ಇದೇ, ರಾಜಿ ಪಂಚಾಯ್ತಿಯಲ್ಲಿ ಇದೇ, ಕೌಂಟರ್ ಕೇಸಿನ ದೂರಿನಲ್ಲೂ ಇದೇ. ಅವನು ತೋಟದಲ್ಲಿದ್ದ, ಇವನು ಜೋಳದ ಚೀಲ ತುಂಬಿಸ್ತಿದ್ದ, ಇನ್ನೊಬ್ಬ ಹಬ್ಬಕ್ಕೆ ಹೆಂಡತಿ ಊರಿಗೆ ಹೋಗಿದ್ದ. ಒಬ್ಬೊಬ್ಬರಿಗೂ ಸಾಕ್ಷಿ ಇದೆ. ಎಲ್ಲಾ ಸಾಕ್ಷಿಯನ್ನೂ ಒಟ್ಟಿಗೆ ಇಟ್ಟು ನೋಡಿದ್ರೆ ಅವತ್ತು ಊರಲ್ಲಿ ನರಪಿಳ್ಳೆ ಇರಲಿಲ್ಲ.

ಕಂಬಾಲಪಲ್ಲಿ ಗೊತ್ತಿಲ್ಲದವರು ನಮ್ಮಲ್ಲಿಲ್ಲ, ಆದ್ರೂ ಹೊಸಬರಿಗೆ ಹೇಳ್ತೀನಿ. 2000ನೇ ಇಸವಿ ಮಾರ್ಚ್ 11, ಆಗಿನ ಕೋಲಾರ ಜಿಲ್ಲೆಯ ಚಿಂತಾಮಣಿ ತಾಲ್ಲೂಕು. ಏಳು ಜನ ದಲಿತರನ್ನ ಮನೆಯೊಳಗೆ ಸುಟ್ಟರು. ಸಾಕ್ಷಿಗಳು ಒಬ್ಬರ ಹಿಂದೆ ಒಬ್ಬರು ಉಲ್ಟಾ ಹೊಡೆದ್ರು. 2006ರಲ್ಲಿ ಎಲ್ಲ ಆರೋಪಿಗಳೂ ಖುಲಾಸೆ, 2014ರಲ್ಲಿ ಹೈಕೋರ್ಟು ಅದನ್ನೇ ಎತ್ತಿಹಿಡೀತು. ಏಳು ಜನ ಬೆಂದಿದ್ದು ನಿಜ, ಬೆಂಕಿ ಹಚ್ಚಿದವರು ಯಾರೂ ಇಲ್ಲ. ಇಲ್ಲಿ ಪೊಯ್ರೊ ಬೇಕಾಗಿದ್ದು ಕೊನೆಯಲ್ಲಿ ಕ್ಷಮಿಸೋಕೆ ಅಲ್ಲ, ಮೊದಲಲ್ಲಿ ಆ ಒಗ್ಗಟ್ಟಿನ ಸುಳ್ಳಿನ ಒಂದು ಎಳೆ ಎಳೆಯೋಕೆ.

ನಮ್ಮ ಸೊರಬಕ್ಕೂ ಇಂಥದ್ದೊಂದು ಇದೆ. ಚಂದ್ರಗುತ್ತಿ, 1986ರ ಮಾರ್ಚ್. ರೇಣುಕಾಂಬೆಗೆ ಬೆತ್ತಲೆ ಸೇವೆ ಬೇಡ ಅಂತ ತಡೆಯೋಕೆ ಹೋದ ದಲಿತ ಸಂಘರ್ಷ ಸಮಿತಿಯವರನ್ನ ಗುಂಪು ಹೊಡೀತು. ಪೊಲೀಸರ, ಹೆಣ್ಣು ಪೊಲೀಸರ ಬಟ್ಟೆಯನ್ನೂ ಬಿಡದೆ ಕಿತ್ತು ಬೆತ್ತಲೆ ನಡೆಸಿದ್ರು. ನಾನಾಗ ಚಿಕ್ಕವನು, ಆಮೇಲೆ ಹಿರಿಯರ ಬಾಯಲ್ಲಿ ಕೇಳಿದ್ದು. ಭದ್ರಾವತಿಯಲ್ಲಿ ಮೇಷ್ಟ್ರಾಗಿದ್ದುಕೊಂಡೇ ಈ ಸಂಘಟನೆ ಕಟ್ಟಿದ ಪ್ರೊ. ಬಿ. ಕೃಷ್ಣಪ್ಪನವರ ಕಾಲ ಅದು. ಯಾರು ಮಾಡಿದ್ದು ಅಂದ್ರೆ 'ಜನ', 'ಭಕ್ತರು'. ಅಂದ್ರೆ ಯಾರೂ ಅಲ್ಲ. ಅವತ್ತು ಅಲ್ಲಿ ಎಲ್ಲರಿಗೂ ಬೇಡವಾದವರು ಯಾರು ಅಂತ ಬೇರೆ ಹೇಳಬೇಕಾ? ಒಂದು ಮಾತು ಮಾತ್ರ ಹೇಳ್ತೀನಿ. ಆ ಸೇವೆ ಅದಾದ ಮೇಲೆ ನಿಷೇಧ ಆಯ್ತು. ಹೊಡೆತ ತಿಂದವರು ವಾಪಸ್ ಹೊಡೆದು ತಂದ ನಿಷೇಧ ಅಲ್ಲ ಅದು.

ನಾನು ಗುಮಾಸ್ತ, ದಿನಾ ಕಾಗದದ ನಡುವೆ ಕೂರೋನು. ಹಾಗಾಗಿ ಪುಸ್ತಕ ಮುಗಿಸಿದ ದಿನ ರಾತ್ರಿ ನನಗೆ ತೋಚಿದ್ದು ಕಾಯ್ದೆಯ ಪ್ರತಿ ತೆಗೆದು ನೋಡೋದು. ನಮ್ಮ ಅಟ್ರಾಸಿಟಿ ಕಾಯ್ದೆಯ ಒಳಗೇ ಒಂದು ಓರಿಯಂಟ್ ಎಕ್ಸ್‌ಪ್ರೆಸ್ ಕಲಂ ಇದೆ, ಗೊತ್ತಾ? 8(ಬಿ). ತಿದ್ದುಪಡಿಯಲ್ಲಿ ಬಂದಿದ್ದಲ್ಲ, 1989ರಿಂದಲೂ ಇರೋದು. ಸರಳವಾಗಿ ಹೇಳ್ತೀನಿ. ಒಂದು ಗುಂಪು ಸೇರಿ ಈ ಕಾಯ್ದೆಯ ಅಪರಾಧ ಮಾಡಿದ್ರೆ, ಅದು ಜಮೀನಿನ ಅಥವಾ ಬೇರೆ ಯಾವುದೇ ಹಳೇ ತಕರಾರಿನ ಮುಂದುವರಿಕೆ ಅಂತ ಸಾಬೀತಾದ್ರೆ, ಎಲ್ಲರ ಉದ್ದೇಶವೂ ಒಂದೇ ಆಗಿತ್ತು ಅಂತ ಕೋರ್ಟು ಭಾವಿಸಬೇಕು. ಇನ್ನೊಂದು ಸಲ ಓದಿ. ಹಳೇ ತಕರಾರು. ಆರೋಪಿ ಪರ ವಕೀಲರು "ಇದು ಜಾತಿ ಅಲ್ಲ ಸ್ವಾಮಿ, ಹಳೇ ಜಮೀನು ವ್ಯಾಜ್ಯ" ಅಂತ ಯಾವ ಮಾತನ್ನ ಗುರಾಣಿ ಮಾಡ್ಕೋತಾರೋ, ಅದೇ ಮಾತು 8(ಬಿ) ಪ್ರಕಾರ ಗುಂಪನ್ನೆಲ್ಲ ಒಟ್ಟಿಗೆ ಕಟ್ಟೋ ಹಗ್ಗ. ಇರಿದವನೊಬ್ಬ, ಕೈ ಹಿಡಿದವನೊಬ್ಬ, ದಾರಿ ಕಾದವನೊಬ್ಬ, ಎಲ್ಲರದ್ದೂ ಒಂದೇ ಲೆಕ್ಕ. ಆದ್ರೆ ಅದಕ್ಕೆ ಹಳೇ ತಕರಾರಿನ ಕಾಗದ ಬೇಕು. ಸರ್ವೆ ಸ್ಕೆಚ್ಚು, ತಹಶೀಲ್ದಾರಿಗೆ ಕೊಟ್ಟ ತಕರಾರು ಅರ್ಜಿ, ಸ್ವೀಕೃತಿ, ಹಿಂದೆ ಠಾಣೆಗೆ ಕೊಟ್ಟು ಎನ್‌ಸಿ ಮಾಡಿ ಕಳಿಸಿದ ದೂರಿನ ನಕಲು. ನಮ್ಮವರು ಅರ್ಜಿ ಕೊಟ್ಟು ಸ್ವೀಕೃತಿ ತಗೊಳ್ಳದೆ ಬರೋದು ನೋಡಿ ನೋಡಿ ನನಗೆ ಸಾಕಾಗಿದೆ. ಸೀಲು ಹಾಕಿಸಿಕೊಂಡು ಬನ್ನಿ ಮಾರಾಯ್ರೇ, ಅದೊಂದು ಸೀಲು ಹತ್ತು ವರ್ಷ ಆದ್ಮೇಲೆ ಮಾತಾಡುತ್ತೆ.

ಈಗ ತಮ್ಮನಿಗೆ ನೇರವಾಗಿ. ನಿನ್ನ ಸಿಟ್ಟು ನನಗೆ ಅರ್ಥವಾಗುತ್ತೆ, ಅದನ್ನ ಕೊಂಕಾಡೋಕೆ ಕೂತಿಲ್ಲ. ಆದ್ರೆ ಆ ಹನ್ನೆರಡು ಜನರನ್ನ ಬಿಟ್ಟಿದ್ದು ಯಾರು ನೋಡು. ಮೊದಲ ದರ್ಜೆ ಬೋಗಿಯ ದೊಡ್ಡ ಮನುಷ್ಯರು. ಬಿಡಿಸಿಕೊಂಡವರಲ್ಲಿ ರಾಜಕುಮಾರಿ ಇದಾಳೆ, ಇಂಡಿಯಾದಲ್ಲಿ ಕೆಲಸ ಮಾಡಿ ರಜೆಗೆ ಹೊರಟ ಬ್ರಿಟಿಷ್ ಕರ್ನಲ್ ಇದಾನೆ, ಕೌಂಟ್ ಇದಾನೆ. ಅವರ ನೆರಳಲ್ಲಿ ಅಡುಗೆಯವಳೂ ಡ್ರೈವರ್ರೂ ಬಚಾವಾದ್ರು. ಅದೇ ಡೈರೆಕ್ಟರ್ ಕಥೆಯ ಅರ್ಧ ತನಕ ಏನಂತಿದ್ದ? ಇಟಲಿಯವನೇ ಮಾಡಿರಬೇಕು, ಚಾಕು ಹಾಕೋದು ಅವರ ಜಾಯಮಾನ ಅಂತ. ಬೋಗಿಯಲ್ಲಿ ನಮ್ಮ ಕೇರಿಯ ಹನ್ನೆರಡು ಜನ ಇದ್ದಿದ್ರೆ ಅವನು ಯಾವ ಉತ್ತರ ಆರಿಸ್ತಿದ್ದ? ಪೊಯ್ರೊಗೆ ಅಷ್ಟು ಪ್ರಶ್ನೆ ಕೇಳೋ ಕೆಲಸವೇ ಇರ್ತಿರಲಿಲ್ಲ.

ನಮ್ಮ ದೇಶದಲ್ಲೂ ನೋಡಿದೀವಿ. 1959ರಲ್ಲಿ ನೌಕಾಪಡೆಯ ಕಮಾಂಡರ್ ನಾನಾವತಿ ಹೆಂಡತಿಯ ಗೆಳೆಯನನ್ನ ಗುಂಡಿಟ್ಟು ಕೊಂದ. ಪತ್ರಿಕೆಯೊಂದು ಸತ್ತವನನ್ನೇ ಲೋಕಕ್ಕೆ ಬೇಡವಾದವನನ್ನಾಗಿ ಮಾಡ್ತು. ಜ್ಯೂರಿಯಲ್ಲಿ ಎಂಟು ಜನ ನಿರಪರಾಧಿ ಅಂದ್ರು, ಒಬ್ಬ ಅಲ್ಲ ಅಂದ. ಹೈಕೋರ್ಟು ಜೀವಾವಧಿ ಕೊಡ್ತು, ಸುಪ್ರೀಂ ಕೋರ್ಟೂ ಅದನ್ನೇ ಹೇಳ್ತು, ಕೊನೆಗೆ ರಾಜ್ಯಪಾಲರ ಕ್ಷಮಾದಾನ ಸಿಕ್ತು. ಕ್ಷಮೆ ಅನ್ನೋದು ಯೂನಿಫಾರಂ ನೋಡಿ ಬರುತ್ತೆ.

ಇನ್ನೊಂದಿದೆ, ಇದನ್ನ ಸರಿಯಾಗಿ ಕೇಳಿಸ್ಕೋ. ಕಂಬಾಲಪಲ್ಲಿಯಲ್ಲಿ ಅವತ್ತೇ ಮೇಲ್ಜಾತಿಯ ಒಬ್ಬ ಮನುಷ್ಯ ಕಲ್ಲೇಟಿಗೆ ಸತ್ತಿದ್ದ, ಅದನ್ನ ದಲಿತರೇ ಮಾಡಿದ್ದು ಅಂದ್ಕೊಂಡು ಗುಂಪು ಬಂತು. ಅವರೂ ತಮ್ಮನ್ನ ಕೊಲೆಗಾರರು ಅನ್ಕೊಂಡಿರಲಿಲ್ಲ. ಕೋರ್ಟು ಕಚೇರಿ ಯಾಕೆ, ನ್ಯಾಯ ನಾವೇ ಕೊಡ್ತೀವಿ ಅಂತ ಬಂದವರು ಅವರು. ಹನ್ನೆರಡು ಜನ ಒಟ್ಟಾಗಿ ಒಂದೊಂದು ಇರಿತ ಅನ್ನೋ ನಿನ್ನ ನ್ಯಾಯ ಈ ನೆಲದಲ್ಲಿ ಹೊಸದಲ್ಲ ತಮ್ಮ, ಅದರ ಚಾಕು ಯಾವಾಗಲೂ ನಮ್ಮ ಕಡೆಗೇ ತಿರುಗಿರೋದು. ಎಣಿಕೆಯಲ್ಲಿ ಅವರೇ ಜಾಸ್ತಿ ಇರೋ ಊರಲ್ಲಿ, ಗುಂಪಿನ ನ್ಯಾಯ ಇರ್ಲಿ ಅಂತ ನಾವು ವೋಟು ಹಾಕೋದು ಹೇಗೆ? ಬಾಬಾಸಾಹೇಬರು ಅಷ್ಟು ವರ್ಷ ಕಾನೂನಿನ ಪುಸ್ತಕಗಳ ಜೊತೆ ಗುದ್ದಾಡಿದ್ದು ಅವರಿಗೆ ಸಿಟ್ಟು ಕಮ್ಮಿ ಇತ್ತು ಅಂತಲಾ?

ಕೋರ್ಟಿಗೆ ಅಲೆದು ಏನ್ ಸಿಕ್ತು ಅಂದೆಯಲ್ಲ. ಮರಕುಂಬಿ ಸಿಕ್ತು. ಕೊಪ್ಪಳ ಜಿಲ್ಲೆ ಗಂಗಾವತಿ ತಾಲ್ಲೂಕು, 2014ರ ಆಗಸ್ಟ್ 28ರಂದು ದಲಿತರ ಗುಡಿಸಲಿಗೆ ಬೆಂಕಿ ಇಟ್ಟ ಕೇಸು. ಹತ್ತು ವರ್ಷ ಆಯ್ತು. 2024ರ ಅಕ್ಟೋಬರ್ 24ರಂದು ಕೊಪ್ಪಳದ ಕೋರ್ಟು 98 ಜನಕ್ಕೆ ಜೀವಾವಧಿ, ಮೂವರಿಗೆ ಐದು ವರ್ಷ ಕೊಡ್ತು. ಗುಂಪು ಅಂದ್ರೆ ಯಾರೂ ಅಲ್ಲ ಅನ್ನಲಿಲ್ಲ ಆ ತೀರ್ಪು, ಗುಂಪು ಅಂದ್ರೆ ಇಷ್ಟು ಜನ ಅಂತ ಹೆಸರು ಎಣಿಸ್ತು. ಆಮೇಲೆ ಹೈಕೋರ್ಟಲ್ಲಿ ಹೆಚ್ಚಿನವರಿಗೆ ಜಾಮೀನಾಯ್ತು, ಅದೂ ಗೊತ್ತು. ನಾನೇನು ಪಟಾಕಿ ಹೊಡೀತಿಲ್ಲ. ಆದ್ರೆ ಕಂಬಾಲಪಲ್ಲಿಗೂ ಮರಕುಂಬಿಗೂ ನಡುವೆ ಇರೋ ವ್ಯತ್ಯಾಸದಲ್ಲಿ ದೊಡ್ಡ ಪಾಲು ಒಂದೇ, ಸಾಕ್ಷಿ. ಹತ್ತು ವರ್ಷ ಆದ್ಮೇಲೂ ಕಟಕಟೆ ಹತ್ತಿ, ಇವನೇ ಅಂತ ಬೆರಳು ತೋರಿಸಿದವರು.

ಸಾಕ್ಷಿ ಯಾಕೆ ಉಲ್ಟಾ ಹೊಡೀತಾರೆ ಅಂತ ದೊಡ್ಡ ದೊಡ್ಡ ಭಾಷಣ ಮಾಡ್ತೀವಿ. ನಾನು ಕಂಡಿದ್ದು ಸಣ್ಣ ಸಣ್ಣ ಕಾರಣ. ಕೋರ್ಟಿರೋ ಊರಿಗೆ ಬಸ್ ಚಾರ್ಜು. ಹೋದ ದಿನದ ಕೂಲಿ ಹೋಯ್ತು. ಹೋದ್ರೆ ಜಡ್ಜ್ ರಜೆ, ಮತ್ತೆ ತಾರೀಖು. ಆರೋಪಿಯ ತಮ್ಮನ ಶುಂಠಿ ಹೊಲದಲ್ಲೇ ನಾಳೆ ಕೆಲಸ ಕೇಳಬೇಕು. ಮಗಳ ಮದುವೆಗೆ ಸಾಲ ಅವರ ಮನೆಯದೇ. ನಾಲ್ಕನೇ ತಾರೀಖಿಗೆ ಅವನು ದಣಿದು, ನನಗೇನೂ ಕಾಣಲಿಲ್ಲ ಸ್ವಾಮಿ ಅಂತಾನೆ. ಅವನನ್ನ ದ್ರೋಹಿ ಅಂತ ಬೈಯೋಕೆ ಮುಂಚೆ, ಅವನ ಬಸ್ ಚಾರ್ಜು ನಾವು ಕೊಟ್ಟಿದೀವಾ? ನಾವು ಕೊಡೋದು ಬಿಡಿ, ಸರ್ಕಾರವೇ ಕೊಡಬೇಕು. 1995ರ ನಿಯಮಗಳಲ್ಲಿ 11ನೇ ನಿಯಮ ನೋಡಿ. ಸಂತ್ರಸ್ತರಿಗೂ ಅವರ ಅವಲಂಬಿತರಿಗೂ ಸಾಕ್ಷಿಗಳಿಗೂ ಪ್ರಯಾಣ ಭತ್ಯೆ, ದಿನಭತ್ಯೆ ಇದೆ. ಎಷ್ಟು ಜನ ತಗೊಂಡಿದೀರಿ? ಕೇಳಿದ್ರೆ ಕೊಡಬೇಕು, ಕೇಳದಿದ್ರೆ ಯಾರೂ ಕರೆದು ಕೊಡಲ್ಲ. ಕಾಯ್ದೆಯ 15ಎ ಕಲಮಿನಲ್ಲಿ ಸಾಕ್ಷಿಗಳಿಗೆ ರಕ್ಷಣೆ ಕೇಳೋ ಹಕ್ಕಿದೆ, ಕಲಾಪವನ್ನ ವಿಡಿಯೋ ಮಾಡಬೇಕು ಅಂತ ಇದೆ, ಜಾಮೀನು ಅರ್ಜಿ ಬಂದಾಗ ನಮ್ಮ ಮಾತು ಕೇಳಬೇಕು ಅಂತ ಇದೆ. 7ನೇ ನಿಯಮದ ಪ್ರಕಾರ ತನಿಖಾಧಿಕಾರಿ ಡಿವೈಎಸ್ಪಿ ದರ್ಜೆಗಿಂತ ಕೆಳಗಿನವರಾಗಬಾರದು. ಚಾರ್ಜ್‌ಶೀಟ್ ಕೈಗೆ ಬಂದ ದಿನ ಕೆಳಗಡೆ ಯಾರ ಸಹಿ ಇದೆ ಅಂತ ನೋಡಿ. ಮಹಜರಿನಲ್ಲಿ ಪಂಚರು ಯಾರು ಅಂತ ನೋಡಿ. ಆರೋಪಿಯ ಷಡ್ಡಕನೇ ಪಂಚ ಆಗಿರೋ ಒಂದು ಮಹಜರನ್ನ ನಾನೇ ಕೈಯಲ್ಲಿ ಹಿಡಿದು ಓದಿದೀನಿ. ಓರಿಯಂಟ್ ಎಕ್ಸ್‌ಪ್ರೆಸ್ ಬೋಗಿಯಲ್ಲಿ ಯಾರು ಯಾರಿಗೆ ಏನಾಗಬೇಕು ಅನ್ನೋ ಒಂದೇ ಪ್ರಶ್ನೆಯಿಂದ ಪೊಯ್ರೊ ಗಂಟು ಬಿಚ್ಚಿದ. ಆ ಪ್ರಶ್ನೆ ಕೇಳೋಕೆ ನಮಗೆ ಬೆಲ್ಜಿಯಂನಿಂದ ಪತ್ತೇದಾರ ಬರಬೇಕಿಲ್ಲ. ಯಾರ ಮನೆಗೆ ಯಾರ ಹೆಣ್ಣು ಕೊಟ್ಟಿದಾರೆ ಅಂತ ನಮ್ಮ ಅವ್ವಂದಿರಿಗೆ ಬಾಯಿಪಾಠ.

8ನೇ ಕಲಂ, 15ಎ, 7 ಮತ್ತು 11ನೇ ನಿಯಮ, ಇಷ್ಟನ್ನೂ ಆಡುಮಾತಿನ ಕನ್ನಡದಲ್ಲಿ ನಾಲ್ಕು ಪುಟಕ್ಕೆ ಟೈಪ್ ಮಾಡಿದೀನಿ. ಭತ್ಯೆ ಕೇಳೋ ಅರ್ಜಿಯ ನಮೂನೆಯೂ ಇದೆ, ಹೆಸರು, ಕೇಸ್ ನಂಬರ್ ತುಂಬಿದ್ರೆ ಸಾಕು. ಸೊರಬ, ಆನವಟ್ಟಿ, ಶಿರಾಳಕೊಪ್ಪ, ಶಿಕಾರಿಪುರದ ಕಡೆಯವರು ಇನ್‌ಬಾಕ್ಸಿಗೆ ಬಂದ್ರೆ ಕಳಿಸ್ತೀನಿ, ಜೆರಾಕ್ಸ್ ಖರ್ಚು ನಿಮ್ಮದು. ಪುಸ್ತಕ ಬೇಕಾದವರು ಮೊದಲು ಆ ಸಹೋದ್ಯೋಗಿಯ ಮಗಳನ್ನ ಕೇಳಬೇಕು. ಆಕೆ ಈಗಾಗಲೇ ಎರಡು ಸಲ ಫೋನ್ ಮಾಡಿದಾಳೆ.